ಕಿತ್ತಳೆ ಅಂಗಿಯ ನಾಯಕಿ

ಕಿತ್ತಳೆ ಬಣ್ಣ ಕಿತ್ತಳೆ ಹಣ್ಣಿಗಲ್ಲದೆ ಈ ಲೋಕದಲ್ಲಿ ಬೇರೆ ಯಾರಿಗೂ ಒಪ್ಪುವುದಿಲ್ಲವೆಂಬುದು ಎಪ್ಪತ್ತನಾಲ್ಕು ವರ್ಷಗಳಿಂದ ನನ್ನ ಖಚಿತ ಅಭಿಪ್ರಾಯವಾಗಿತ್ತು. ಅದು ಬದಲಾದದ್ದು, ನನ್ನ ಮೊಮ್ಮಗಳು ನಿಧಿ ಕಾಲೇಜು ಫುಟ್‌ಬಾಲ್ ತಂಡದ ಫೋಟೋದಲ್ಲಿ ಆ ಬಣ್ಣದ ತೋಳಿಲ್ಲದ ತೆಳು ಅಂಗಿಯೊಂದನ್ನು ಜೆರ್ಸಿಯ ಮೇಲೆ ತೊಟ್ಟು ನಿಂತದ್ದನ್ನು ಕಂಡಾಗ. ಪಕ್ಕದಲ್ಲಿದ್ದವರೆಲ್ಲ ಬರಿಯ ನೀಲಿಯಲ್ಲಿದ್ದರು. ಮಂಗಳೂರಿನ ಕಾನ್ವೆಂಟಿನಲ್ಲಿ ಕಲಿತ ನನಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕೆ? ನಮ್ಮಲ್ಲಿ ಹೌಸ್ ಕ್ಯಾಪ್ಟನ್ ಆದವಳು ಬಿಳಿ ಯೂನಿಫಾರ್ಮಿನ ಮೇಲೆ ಹೆಗಲಿನಿಂದ ಸೊಂಟಕ್ಕಿಳಿಯುವ ಬಣ್ಣದ ಸ್ಯಾಶ್ ತೊಟ್ಟು, ಅಸೆಂಬ್ಲಿಯಲ್ಲಿ ಉಳಿದ ಪಾಮರರಿಗಿಂತ ಎರಡು ಹೆಜ್ಜೆ ಮುಂದೆ ನಿಲ್ಲುತ್ತಿದ್ದಳು. ಆ ಸ್ಯಾಶ್ ನನಗೆ ಒಂದು ದಿನವೂ ದಕ್ಕಲಿಲ್ಲ. ಎಲೊಕ್ಯೂಷನ್ ಎಂಬ ಭಾಷಣ ಸ್ಪರ್ಧೆಯಲ್ಲಿ ಸಿಕ್ಕ ಮೂರನೆಯ ಬಹುಮಾನವೇ ನನ್ನ ಕೀರ್ತಿಶಿಖರ. ಹಾಗಾಗಿ ನನಗೆ ತಪ್ಪಿಹೋದ ಗೌರವವು ಮೊಮ್ಮಗಳ ಹೆಗಲೇರಿ ಕುವೈತಿನವರೆಗೆ ಬಂದಿತೆಂದು ನಾನು ಪರಮಾನಂದಪಟ್ಟರೆ ತಪ್ಪೇನು ಹೇಳಿ.

ಫೈನಲ್ ಗೆದ್ದದ್ದು ಒಂದು ಗುರುವಾರ ಮಧ್ಯಾಹ್ನ. ಮೊಣಕಾಲಿನ ಕೃಪೆಯಿಂದ ನಾನು ಮ್ಯಾಚಿಗೆ ಹೋಗಿರಲಿಲ್ಲ. ಮಗನು ಮೀನಾ ಅಲ್ ಅಹ್ಮದಿ ಎಂಬ ಊರಿನ ರಿಫೈನರಿಯಲ್ಲಿದ್ದ, ಸೊಸೆ ಆಫೀಸಿನಲ್ಲಿದ್ದಳು, ನಾನು ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಈ ಊರಿನಲ್ಲಿ ಮದುವೆಯಾದರೂ ಮ್ಯಾಚ್ ಗೆದ್ದರೂ ಸಂತೋಷ ಮೊದಲು ಹೊರಡುವುದು ಕಾರಿನ ಹಾರ್ನಿನಿಂದಲೇ. ಕೆಳಗೆ ಆರು ಕಾರುಗಳು ಒಟ್ಟಿಗೆ ಊಳಿಡುತ್ತಿದ್ದವು. ಕಿಟಕಿಗಳಿಂದ ಸೊಂಟದವರೆಗೆ ಹೊರಬಂದ ಹುಡುಗಿಯರ ನಡುವೆ ನಮ್ಮ ನಿಧಿ.

“ಅಜ್ಜೀ, ಕಮ್ ಡೌನ್! ಯಲ್ಲಾ, ಯಲ್ಲಾ!”

ಕರೆ ಬಂದ ಮೇಲೆ ಸೀರೆ ಉಡುವಷ್ಟು ವ್ಯವಧಾನ ಯಾರಿಗಿದೆ? ನೈಟಿಯ ಮೇಲೆ ಮೈಯೊರೆಸುವ ಬೈರಾಸನ್ನೇ ಹೊದ್ದು, ಶಾಲೀನತೆ ಕಾಪಾಡಿದೆನೆಂಬ ಭ್ರಮೆಯಲ್ಲಿ ಇಳಿದೆ. ತಂಡದ ಮರಿಯಮ್ ಎಂಬ ಈಜಿಪ್ಟಿನ ಹುಡುಗಿ “ತೇತಾ, ತೇತಾ” ಎಂದು ತನ್ನ ಭಾಷೆಯಲ್ಲಿ ಅಜ್ಜಿಯನ್ನು ಕರೆಯುವಂತೆ ಕರೆದು, ನನ್ನನ್ನು ಕಾರಿನೊಳಗೆ ತುಂಬಿದಳು. ಮೂರು ಕಾಲೇಜುಗಳು ಸಾಲಾಗಿ ನಿಂತಿರುವ ನಮ್ಮ ಬಡಾವಣೆಯನ್ನು ಮೂರು ಸುತ್ತು ಹಾಕಿದೆವು. ಗೆಲುವಿನ ಕೇಕಿನ ಕ್ರೀಮು ನನ್ನ ಕನ್ನಡಕದ ಮೇಲೂ ಕುಳಿತಿತ್ತು. ಎದುರು ಬಂದವರಿಗೆಲ್ಲ ನಾನು ಮಹಾರಾಣಿಯ ಹಾಗೆ ಕೈ ಬೀಸಿದೆ, ಬೈರಾಸು ಜಾರಿದ್ದು ಗೊತ್ತೇ ಆಗದೆ.

ಉನ್ಮಾದ ಅಲ್ಲಿಗೇ ನಿಂತಿದ್ದರೆ ಈ ಪ್ರಬಂಧ ಹುಟ್ಟುತ್ತಿರಲಿಲ್ಲ. ಸಂಜೆ ತಂಡದ ಆ ಫೋಟೋವನ್ನು ಊರಿನವರ ವಾಟ್ಸಾಪ್ ಗುಂಪಿಗೆ ಹಾಕಿ, ‘ಕಿತ್ತಳೆ ಬಣ್ಣದಲ್ಲಿರುವವಳು ನಮ್ಮ ನಿಧಿ, ಟೀಮ್ ಲೀಡರ್’ ಎಂದು ಬರೆದೆ. ಯಾರೋ ಎಷ್ಟು ಗೋಲ್ ಎಂದು ಕೇಳಿದರು. ಗೊತ್ತಿಲ್ಲವೆನ್ನಲು ಸಂಕೋಚವಾಗಿ, ವಿನಯದ ಸೋಗಿನಲ್ಲಿ, ‘ಅದೆಲ್ಲ ಹೇಳಿಕೊಳ್ಳಬಾರದು’ ಎಂದೆ. ಮರುದಿನ ಬೆಳಿಗ್ಗೆ, ಕುವೈತಿನಲ್ಲಿರುವ ನಮ್ಮೂರವರ ಸಂಘದ ಅಧ್ಯಕ್ಷ, ಶುವೈಖಿನಲ್ಲಿ ಗ್ಯಾರೇಜು ನಡೆಸುವ ವಾಸು ಫೋನ್ ಮಾಡಿದ.

“ಎಂತ ದೊಡ್ಡಮ್ಮ, ಇಷ್ಟು ದೊಡ್ಡ ಸುದ್ದಿ ಅಡಗಿಸಿ ಇಡುವುದಾ? ಬರುವ ಶುಕ್ರವಾರ ಸಂಘದ ಊಟ ಉಂಟಲ್ಲ, ಅಲ್ಲಿಯೇ ಸನ್ಮಾನ ಮಾಡಿಬಿಡುವ. ಶಾಲು, ಪೇಟ, ಹಣ್ಣಿನ ಬುಟ್ಟಿ, ಎಲ್ಲ ನಮ್ಮದು. ಬೇಡ ಹೇಳ್ಬೇಡಿ ಮಾರಾಯ್ರೆ!”

ಬೇಡವೆನ್ನುವ ಉದ್ದೇಶ ನನಗೆ ಲವಲೇಶವೂ ಇರಲಿಲ್ಲ.

ಆಮಂತ್ರಣವು ‘ಫುಟ್‌ಬಾಲ್ ರಾಣಿ’ ಎಂಬ ಬಿರುದಿನೊಂದಿಗೆ ಎಲ್ಲರ ಫೋನಿಗೂ ಬಂತು. ನಿಧಿ ಅದನ್ನು ಹಿಡಿದು ನನ್ನ ಕೋಣೆಗೆ ಬಂದಳು.

“ಅಜ್ಜಿ, ಅದು ಸಬ್‌ಸ್ಟಿಟ್ಯೂಟ್ ಬಿಬ್. ಐ ಡಿಡಂಟ್ ಪ್ಲೇ. ನಾಟ್ ಒನ್ ಮಿನಿಟ್.”

ಬೆಂಚಿನಲ್ಲಿ ಕಾಯುವವರು ಆಡುವವರೊಂದಿಗೆ ಬೆರೆತುಹೋಗದಿರಲೆಂದು ತೊಡಿಸುವ ಗುರುತಂತೆ ಅದು. ಇಡೀ ಟೂರ್ನಮೆಂಟನ್ನು ಅವಳು ಕುಳಿತೇ ಗೆದ್ದಿದ್ದಳು. ತಪ್ಪೊಪ್ಪಿಕೊಳ್ಳುವ ಬದಲು ನಾನು, “ಶಾಲು ತಾನೇ? ಹೊದ್ದುಕೊಂಡು ಬಂದುಬಿಡು, ಯಾರಿಗೆ ಗೊತ್ತಾಗುತ್ತದೆ?” ಎಂದೆ. ನನ್ನನ್ನು ಓದಿಸಿದ ಸಿಸ್ಟರುಗಳು ಕೇಳಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

“ಅವರ್ ಕ್ಯಾಪ್ಟನ್ ಮರಿಯಮ್ ವಿಲ್ ಸೀ ಇಟ್. ನಾನೇ ಹಾಗೆ ಹೇಳಿದ್ದು ಅಂತ ತಿಳ್ಕೊಳ್ತಾರೆ. ಹೌ ವಿಲ್ ಐ ಗೋ ಬ್ಯಾಕ್?”

ಮರುದಿನ ಅವಳು ಪ್ರಾಕ್ಟೀಸಿಗೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಬೂಟುಗಳು ಬಾಗಿಲ ಹಿಂದೆ ಮೂತಿ ತಿರುಗಿಸಿ ಕುಳಿತವು. ನಾನು ವಾಸುವಿಗೆ ನಾಲ್ಕು ಸಲ ಫೋನ್ ಮಾಡಿ, ನಾಲ್ಕು ಸಲವೂ ಮಗನ ಕಾರಿನ ಬ್ಯಾಟರಿಯ ಆರೋಗ್ಯ ವಿಚಾರಿಸಿ ಇಟ್ಟೆ. ಗುರುವಾರ ಮಾತ್ರ ಅವಳ ಬಾಗಿಲ ಹೊರಗೆ ನಿಂತು, “ನೀನು ಬಾ, ಸುಮ್ಮನೆ ಹಿಂದೆ ಕುಳಿತಿರು. ಹಾಳು ಮಾಡಿದವಳೇ ಸರಿಮಾಡುತ್ತೇನೆ” ಎಂದೆ.

ಶುಕ್ರವಾರ ಸಾಲ್ಮಿಯಾದ ಸಭಾಂಗಣದಲ್ಲಿ ಊಟಕ್ಕೆ ಮುನ್ನ ಮೈಕು ಕೇಳಿ ಪಡೆದೆ. ಮೂರನೆಯ ಬಹುಮಾನದ ಘನತೆಗೆ ತಕ್ಕ ಇಂಗ್ಲಿಷ್ ಭಾಷಣವೊಂದನ್ನು ಕನ್ನಡಿಯೆದುರು ಸಿದ್ಧಪಡಿಸಿದ್ದೆ. ಮುನ್ನೂರು ಕಣ್ಣುಗಳನ್ನು ಕಂಡದ್ದೇ ಅದು ನನ್ನನ್ನು ತೊರೆದು ಓಡಿತು.

“ನಮ್ಮ ನಿಧಿ ಒಂದು ನಿಮಿಷವೂ ಆಡಿದ್ದಿಲ್ಲ. ಅವಳು ಆಡಿದೆ ಅಂತ ಹೇಳಿದ್ದೂ ಇಲ್ಲ. ಗೋಲ್ ಹೊಡೆದದ್ದೆಲ್ಲ ನಾನು, ವಾಟ್ಸಾಪಿನಲ್ಲಿ. ಇದನ್ನು ವೀಡಿಯೋ ಮಾಡಿ ಎಲ್ಲರಿಗೂ ಕಳಿಸಿ. ಅವಳ ಟೀಮಿಗೆ ಮೊದಲು ಕಳಿಸಿ.”

ಎದ್ದ ನಗೆಯಲ್ಲಿ ಸಭಾಂಗಣದ ಗಾಜುಗಳು ನಡುಗಿದವು.

ವಾಸು ಮಡಿಸಿದ ಶಾಲನ್ನು ಮಗುವಿನಂತೆ ಎತ್ತಿಕೊಂಡು ಪರದಾಡಿದ. “ಈಗ ಇದನ್ನು ಎಂತ ಮಾಡುವುದು ದೊಡ್ಡಮ್ಮ? ಆಯ್ತು ಮಗಾ ನಿಧಿ, ನೀನೇ ಹೇಳು, ಆಡದಿದ್ರೆ ಅಲ್ಲಿ ಎಂತ ಮಾಡ್ತಿದ್ದೆ?”

ಹಿಂದಿನ ಸಾಲಿನಿಂದ ಅವಳು ಎದ್ದಳು. ಮನೆಯಲ್ಲಿ ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಪದಗಳನ್ನು ಒಂದೊಂದಾಗಿ ಹೆಕ್ಕಿ ಹೇಳಿದಳು. “ನೀರು ಕೊಟ್ಟೆ. ಬೊಬ್ಬೆ ಹಾಕಿದೆ. ಮತ್ತೆ... ಕಾದೆ.”

ಈ ಸಲ ಯಾರೂ ನಗಲಿಲ್ಲ. ಶಾಲು ಪೆಟ್ಟಿಗೆಗೆ ಮರಳಿತು; ಹಣ್ಣಿನ ಬುಟ್ಟಿಯನ್ನು ವಾಸು ಕಾರಿನವರೆಗೂ ಹೊತ್ತು ತಂದು ನಮ್ಮಿಬ್ಬರ ನಡುವೆ ಇಟ್ಟುಹೋದ.

ದಾರಿಯಲ್ಲಿ ನಿಧಿಯ ಫೋನು ಟಿಂಗೆಂದಿತು. ನಿಧಿ ಇಂಗ್ಲಿಷಿನಲ್ಲಿ ಅರ್ಥ ಬರೆದು ಕಳಿಸಿದ್ದ ವೀಡಿಯೋ ನೋಡಿ, ಮರಿಯಮ್ ನಗುವಿನ ಆರು ಮುಖಗಳನ್ನು ಕಳಿಸಿ, ನಾಳೆ ನಾಲ್ಕು ಗಂಟೆಗೆ ಪ್ರಾಕ್ಟೀಸು, ತಡಮಾಡಬೇಡ ಎಂದಿದ್ದಳು. ನಿಧಿ ಬಾಳೆಹಣ್ಣೊಂದನ್ನು ಸುಲಿದು ಅರ್ಧ ನನಗೆ ಕೊಟ್ಟಳು.

“ಫೈನಲ್‌ನಲ್ಲಿ ಕೋಚ್ ನನ್ನನ್ನು ವಾರ್ಮ್ ಅಪ್ ಮಾಡು ಅಂದ್ರು ಅಜ್ಜಿ. ಟ್ವೈಸ್. ಐ ವಾಸ್ ರೆಡಿ.”

ಅವಳಿಗೆ ಬಿರುದು, ಪೇಟ, ಗೋಲುಗಳನ್ನೆಲ್ಲ ಧಾರಾಳವಾಗಿ ಹಂಚಿದ್ದ ನಾನು, ನಿನಗೆ ಹೇಗಿತ್ತು ಮಗಳೇ ಎಂದು ಮಾತ್ರ ಇದುವರೆಗೆ ಕೇಳಿಯೇ ಇರಲಿಲ್ಲ. ನನ್ನ ಫೋನನ್ನು ಆರಿಸಿ ಚೀಲದ ತಳಕ್ಕೆ ತಳ್ಳಿದೆ.

“ಮೊದಲಿನಿಂದ ಹೇಳು. ಎಷ್ಟನೆಯ ನಿಮಿಷದಲ್ಲಿ ಕರೆದರು?”

ಅವಳು ಹೇಳತೊಡಗಿದಳು. ಕೋಚು ಕೈ ಎತ್ತಿದ್ದು, ಇವಳು ಬೂಟಿನ ದಾರ ಬಿಗಿದು ಗೆರೆಯ ಬದಿಯಲ್ಲಿ ಓಡಿದ್ದು, ಬಿಬ್ಬನ್ನು ಕತ್ತಿನವರೆಗೆ ಎತ್ತಿ ಮತ್ತೆ ಇಳಿಸಿದ್ದು. ಅವಳು ಆಡದ ಆ ಪಂದ್ಯವನ್ನು, ಯಾರಿಗೂ ಫಾರ್ವರ್ಡ್ ಮಾಡುವ ಆಸೆಯಿಲ್ಲದೆ, ನಾನು ಪೂರ್ತಿ ಕೇಳಿದೆ.