ತಂಗೂಸಿನ ಶಿವದಾರ

ಶಿವಬಸವ ನಗರದ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಮೀನು ಎಂಬ ಶಬ್ದವನ್ನೇ ಆಡುವಂತಿರಲಿಲ್ಲ. ಆಡಿದರೆ ಆಯಿ, ಅಂದರೆ ನಮ್ಮಪ್ಪನ ತಾಯಿ, ತಾಟು ಸರಿಸಿ ಎದ್ದುಬಿಡುತ್ತಿದ್ದಳು. ಅಂಥ ಮನೆಯವನು ನಾನು, ಎಂಬತ್ತರ ದಶಕದ ಶುರುವಿನಲ್ಲಿ, ಕಾಲೇಜು ಕಲಿಯುವಾಗ, ಪ್ರತಿ ವರ್ಷ ಹೋಳಿ ಮುಗಿದ ಮೇಲಿನ ಶನಿವಾರ ಕಾರವಾರಕ್ಕೆ ಮೀನು ಹಿಡಿಯಲು ಹೋಗುತ್ತಿದ್ದೆ. ತಿನ್ನಲಿಕ್ಕಲ್ಲ, ಬರೀ ಹಿಡಿಯಲಿಕ್ಕೆ. ಎರಡರಲ್ಲಿ ಯಾವುದು ದೊಡ್ಡ ಅಪರಾಧ ಎಂದು ನಮ್ಮ ಓಣಿಯವರು ಇನ್ನೂ ತೀರ್ಮಾನಿಸಿಲ್ಲ.

ನಾನು ಬೆಳಗಾವಿಯಲ್ಲಿ ಬಸ್ಸು ಹತ್ತಿದರೆ ಗೆಳೆಯ ಖಾನಾಪುರದಲ್ಲಿ ಹತ್ತುತ್ತಿದ್ದ. ಮನೆಯಲ್ಲಿ ಉರ್ದು, ನನ್ನ ಸಂಗಡ ಕನ್ನಡ, ಕಂಡಕ್ಟರನ ಸಂಗಡ ಮರಾಠಿ ಮಾತಾಡುವವನು. ಅವನ ಸೋದರಮಾವನ ಮನೆ ಕಾರವಾರದಲ್ಲಿತ್ತು. ದಾರಿಯುದ್ದಕ್ಕೂ ನಾನು ನಕಲು ಮಾಡುತ್ತಿದ್ದೆ: ಟಿಳಕವಾಡಿಯ ಸೈಕಲ್ ಅಂಗಡಿಯವ ಪಂಕ್ಚರ್ ಹುಡುಕುವುದು, ಇತಿಹಾಸದ ಮಾಸ್ತರರು ಕೆಮ್ಮುವುದು, ಆಯಿ ನನ್ನನ್ನು ಬಯ್ಯುವುದು. ಬಸ್ಸಿಗೆ ಬಸ್ಸೇ ನಗುತ್ತಿತ್ತು. ಘಟ್ಟ ಇಳಿಯುವಾಗ ಮಾತ್ರ ನನಗೆ ವಾಂತಿ. ಆಗ ಗೆಳೆಯ ನನ್ನ ನಕಲು ಮಾಡುತ್ತಿದ್ದ. ಜನ ಇನ್ನೂ ಜೋರಾಗಿ ನಗುತ್ತಿದ್ದರು.

ಮಾವ ದರ್ಜಿ. ವಾರವಿಡೀ ಅಂಗಿ ಹೊಲಿದು ರವಿವಾರ ಬೆಳಿಗ್ಗೆ ದಂಡೆಗೆ ಬಂದು ನಿಲ್ಲುವವರು. ತಂಗೂಸು ಬೀಸುವುದನ್ನು ನನಗೆ ಕಲಿಸಿದವರು ಅವರೇ. ತಂಗೂಸು ಎಂದರೆ ಮೀನು ಹಿಡಿಯುವ ನೈಲಾನ್ ದಾರ. ಅದರ ತುದಿಗೆ ಗಾಳ, ಗಾಳಕ್ಕೆ ಸಿಗಡಿ, ಸ್ವಲ್ಪ ಮೇಲೊಂದು ಸೀಸದ ಗುಂಡು. ಹಿಡಿಯುವುದಕ್ಕಿಂತ ಬಿಡುವುದನ್ನೇ ಅವರು ಹೆಚ್ಚು ಕಲಿಸಿದರು.

"ಕೈ ತೋಯ್ಸಿ ಹಿಡಿ ಬೇಟಾ, ಒಣಾ ಕೈಲೆ ಹಿಡದರ ಅದರ ಮೈ ಸುಲೀತೈತಿ. ಹೊಟ್ಟ್ಯಾಗ ತತ್ತಿ ಇದ್ದಾಕಿನ್ನ ಬಿಡು. ಸಣ್ಣದನ್ನ ಬಿಡು. ನಿಮ್ಮ ಮಾಮಿ ಹೆಚ್ಚಾತಂತ ಬಯ್ಯೂವಷ್ಟಾದ್ರ ಉಳದದ್ದೂ ಬಿಡು."

ಮಾಮಿಯ ಬೋಗುಣಿಗೆ ನಾಲ್ಕೈದು ಕಾಣೆ ಮೀನು ಹೋಗುತ್ತಿದ್ದವು. ಉಳಿದವನ್ನು ನಾನು ಮೊಣಕಾಲು ನೀರಿನಲ್ಲಿ ನಿಂತು, ಎರಡೂ ಕೈಯಲ್ಲಿ ಹಿಡಿದು, ತೆರೆಯ ಕಡೆ ಮುಖ ಮಾಡಿಸಿ, ಬಾಲ ತಾನಾಗಿ ಬಡಿಯುವ ತನಕ ಕಾಯುತ್ತಿದ್ದೆ. ಆಮೇಲೆ ಕೈಯಲ್ಲಿ ಬರೀ ನೀರು. ನನಗೆಂದು ಮಾಮಿ ಬೇರೆ ಪಾತ್ರೆಯಲ್ಲಿ ಅನ್ನ-ಬೇಳೆ ಬೇಯಿಸಿಡುತ್ತಿದ್ದರು.

ಮೊದಲ ವರ್ಷವೇ ಗುಟ್ಟು ಒಡೆಯಿತು. ಬಸ್ಸಿನಲ್ಲಿ ನಕ್ಕವರಲ್ಲಿ ಒಬ್ಬರು ನಮ್ಮ ಓಣಿಯವರಂತೆ. ಆಯಿ ಕರೆದು ಒಂದೇ ಮಾತು ಅಂದಳು: "ಮೀನ ಬಿಡು."

ಮರುವರ್ಷ ನಾನು ಕಾರವಾರದಿಂದ ಬಂದಾಗ ಕೇಳಿದಳು, "ಮೀನ ಬಿಟ್ಟಿಯೇನ?"

"ಬಿಟ್ಟೆ ಆಯಿ. ಖರೇ ಬಿಟ್ಟೆ."

ಒಂಬತ್ತು ಬಿಟ್ಟಿದ್ದೆ. ಸುಳ್ಳೆಲ್ಲಿ ಬಂತು? ಆಯಿ ಖುಷಿಯಾಗಿ ಎರಡು ಹೋಳಿಗೆ ಹೆಚ್ಚಿಗೆ ಬಡಿಸಿದಳು. ನಾನು ಬಿಡದೆ ತಿಂದೆ.

ಮೂರನೆಯ ವರ್ಷ ದಂಡೆಯಲ್ಲಿ, ಕೊರಳಿಗೆ ಲಿಂಗ ಕಟ್ಟಿಕೊಳ್ಳುವ ನನ್ನ ಶಿವದಾರ ಹರಿಯಿತು. ಬೆವರು, ಉಪ್ಪುನೀರು ಕುಡಿದು ಹತ್ತಿಯ ದಾರ ಕೊಳೆತಿತ್ತು. ತೆರೆಯೊಂದು ಎದೆಗೆ ಬಡಿದದ್ದೇ, ಲಿಂಗವಿದ್ದ ಬೆಳ್ಳಿಯ ಕರಡಿಗೆ ಪುಳಕ್ಕನೆ ನೀರಿಗೆ ಬಿತ್ತು. ನನ್ನ ಎರಡೂ ಕೈಯಲ್ಲಿ ತತ್ತಿ ತುಂಬಿದ ಕಾಣೆ. ಗೆಳೆಯ ಹಾರಿ ಬಂದವನು ಅರ್ಧಕ್ಕೇ ನಿಂತ.

"ಲೇ, ನಾ ಮುಟ್ಟಬಹುದೇನ್ಲೇ?"

"ಮೊದಲ ಹಿಡಿಯೋ ಮಾರಾಯಾ, ಆಮ್ಯಾಲ ಕೇಳು!"

ಅವನು ಬಟ್ಟೆ ಸಮೇತ ಮುಳುಗಿದ. ಮೂರು ಸಲ ಬರೀ ಉಸುಕು ತಂದ. ನಾಲ್ಕನೆಯ ಸಲ ಕರಡಿಗೆ ತಂದ. ಆಮೇಲೆ ತನ್ನ ತಂಗೂಸಿನದೇ ಎರಡು ಮೊಳ ಕತ್ತರಿಸಿ, ಗಾಳಕ್ಕೆ ಹಾಕುವ ಗಂಟನ್ನೇ ಹಾಕಿ ನನ್ನ ಕೊರಳಿಗೆ ಕಟ್ಟಿದ. ಅಲ್ಲಿಯವರೆಗೆ ಅವನ ಮುಖದಲ್ಲಿ ರಕ್ತವಿರಲಿಲ್ಲ. ನನ್ನ ಮುಖದಲ್ಲೂ ಇರಲಿಲ್ಲವಂತೆ, ಅದನ್ನೂ ನಕಲು ಮಾಡಿ ತೋರಿಸಿದ.

ಮರುದಿನ ಬೆಳಿಗ್ಗೆ ಪೂಜೆಗೆ ಕೂತಾಗ ಆಯಿಯ ಕಣ್ಣು ಕೊರಳಿಗೆ ಬಿತ್ತು.

"ಇದೇನೋ ಇದು, ಹೊಳ್ಯಾಕ ಹತ್ತೇತಿ?"

"ಶಿವದಾರ, ಆಯಿ."

ಎರಡು ಬೆರಳಿನಲ್ಲಿ ತಿಕ್ಕಿದಳು. ಮೂಗಿನ ಹತ್ತಿರ ಹಿಡಿದಳು. "ಬಿಟ್ಟೆ ಬಿಟ್ಟೆ ಅಂದ್ಯಲ್ಲೋ ನನ್ನ ಮುಂದ!"

"ಬಿಟ್ಟೀನಲ್ಲ. ಹಿಡೀಲಾರದ ಹ್ಯಾಂಗ ಬಿಡಾಕ ಬರತೈತಿ?"

ಆಯಿ ನಗಲಿಲ್ಲ. ಗೋಡೆಯ ಮಾಡದೊಳಗಿನಿಂದ ಹೊಸ ಹತ್ತಿಯ ಶಿವದಾರ ತಂದು ನನ್ನ ಮುಂದಿಟ್ಟಳು. "ಅದನ್ನ ತಗದು ಇದನ್ನ ಹಾಕ್ಕೊ. ಇನ್ನ ಹೋಗಂಗಿಲ್ಲ ಅನ್ನು. ಮಾಸ್ತರ ದನಿ ಬ್ಯಾಡ, ನನ್ನ ದನಿ ಬ್ಯಾಡ. ನಿನ್ನ ದನೀಲೆ ಅನ್ನು."

ಅಲ್ಲಿ ಸಿಕ್ಕಿಬಿದ್ದೆ. ಊರಮಂದಿಯ ದನಿಯೆಲ್ಲ ನಾಲಿಗೆಯ ತುದಿಯಲ್ಲಿತ್ತು, ನನ್ನದೊಂದನ್ನು ಬಿಟ್ಟು. ಹುಡುಕಿ ತೆಗೆಯುವುದಕ್ಕೆ ಹೊತ್ತು ಹಿಡಿಯಿತು. ಹೊರಬಂದದ್ದು ತೆಳ್ಳಗೆ ಇತ್ತು, ಆದರೆ ನಡುಗಲಿಲ್ಲ.

"ಹೋಗತೀನಿ, ಆಯಿ. ಈ ದಾರಾನೂ ತಗಿಯಂಗಿಲ್ಲ. ಹಳೇದು ಹರದು ಲಿಂಗ ನೀರಿಗೆ ಬಿದ್ದಾಗ ನನ್ನ ಎರಡೂ ಕೈಯಾಗ ಮೀನ ಇತ್ತು, ಖಾನಾಪುರದ ದೋಸ್ತ ಮುಳಗಿ ತರದಿದ್ರ ಕೊರಳಾಗ ಲಿಂಗನ ಇರತಿದ್ದಿಲ್ಲ. ಅವ ಹಾಕಿದ ಗಂಟು ನಾ ಬಿಚ್ಚಂಗಿಲ್ಲ."

"ಅವ ಮುಟ್ಟಿದನೇನು?"

"ಕೇಳಿ ಮುಟ್ಟಿದ."

ಆಯಿ ಎದ್ದು ನನ್ನ ಪೂಜೆಯ ಮಣೆಯನ್ನು ಹೊಸ್ತಿಲಿನ ಹೊರಗೆ ಇಟ್ಟಳು. ಮರುದಿನದಿಂದ ಮನೆಯವರೆಲ್ಲ ಒಳಗೆ, ನಾನು ಹೊರಗೆ. ಹಾಲಿನವನು ಬರುವ ದಾರಿಯಲ್ಲೇ ಎಡಗೈ ಮೇಲೆ ಲಿಂಗವಿಟ್ಟುಕೊಂಡು ಕೂತೆ. ಕೊರಳಿನ ತಂಗೂಸು ಬಿಸಿಲಿಗೆ ಹೊಳೆಯುತ್ತಿತ್ತು, ಮುಚ್ಚಲಿಲ್ಲ. ಕೇಳಿದವರಿಗೆಲ್ಲ ಕಾರವಾರದ ಮಾಲು ಎಂದೆ. ಯಾರೂ ಇಲ್ಲದಾಗ ಒಳಗಿನ ಗಂಟೆಯ ಸಪ್ಪಳಕ್ಕೆ ಹೊಸ್ತಿಲಿನ ಕಡೆ ತಿರುಗಿ ಕೂಡುತ್ತಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಆಯಿ ವಿಭೂತಿಯನ್ನು ಮಾತ್ರ ದಿನಾ ಹೊಸ್ತಿಲಿನಾಚೆ ಕೈ ಚಾಚಿ ಕೊಡುತ್ತಿದ್ದಳು.

ಯುಗಾದಿಯ ಹಿಂದಿನ ದಿನ ಹಾಗೆ ಚಾಚಿದ ಕೈ ಅಲ್ಲೇ ನಿಂತಿತು.

"ಅವತ್ತ ನಿನ್ನ ಕೈಯಾಗ ಇದ್ದ ಮೀನ ಏನಾತು?"

"ಹೋತು. ಬಾಲ ಬಡಿಯೂ ತನಕ ಹಿಡಕೊಂಡಿದ್ದೆ."

"ಲಿಂಗ ಬಿದ್ದರೂ?"

"ತತ್ತಿ ತುಂಬಿದ್ದಾಕಿ ಇದ್ದಳು, ಆಯಿ. ಅರ್ಧಕ್ಕ ಬಿಟ್ಟಿದ್ರ ತೆರಿ ಹೊಡತಕ್ಕ ಉಸುಕಿಗೆ ಬೀಳತಿದ್ದಳು."

ಆಯಿ ವಿಭೂತಿ ಕೊಟ್ಟು ಒಳಗೆ ಹೋದಳು. ಮರುದಿನ ಎದ್ದು ನೋಡಿದರೆ ನನ್ನ ಮಣೆ ಒಳಗಿತ್ತು, ಅವಳ ಮಣೆಯ ಬಾಜೂಕ್ಕೆ. ಹೊಸ ಶಿವದಾರ ಮಾಡಕ್ಕೆ ಮರಳಿತ್ತು.

ಮುಂದಿನ ಹೋಳಿ ಮುಗಿದ ಶನಿವಾರ ಚೀಲ ಹೆಗಲಿಗೇರಿಸಿ, ಗಾಳ ಕಾಣುವಂತೆಯೇ ಹಿಡಿದು, ಮುಂಬಾಗಿಲಿನಿಂದಲೇ ಹೊರಟೆ. ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದ ಆಯಿ ತಲೆ ಎತ್ತಲಿಲ್ಲ.

"ಬಿಟ್ಟ ಬಾ," ಎಂದಳು.

ಯಾವ ಅರ್ಥದಲ್ಲಿ ಎಂದು ನಾನು ಕೇಳಲಿಲ್ಲ. ಓಡಿ ಬಸ್ಸು ಹಿಡಿದೆ.