ಮಗಳು ಕುದಿಸಿದ ಹಲಗೆ

ನೂರಾ ಎಂಬತ್ತು ರೂಪಾಯಿ. ಒಂದು ಪ್ಲೈವುಡ್ ಹಲಗೆಗೆ ನಾನು ಕೊಟ್ಟದ್ದು ಇಷ್ಟು. ಖಾನಾಪುರದ ಅಂಗಡಿಯವನು ಹೇಳಿದ್ದು ಮುನ್ನೂರು. ಬೆಳಗಾವಿ ಮುಟ್ಟುವ ತನಕ ನನ್ನ ಮುಖದ ನಗು ಇಳಿದಿರಲಿಲ್ಲ. (ಹಲಗೆ ಬಸ್ಸಿನ ಟಾಪ್ ಮೇಲಿತ್ತು. ಅದರ ಲಗೇಜ್ ಚಾರ್ಜಿನಲ್ಲೂ ಒಂದು ರೂಪಾಯಿ ಉಳಿಸಿದ್ದೆ.)

ಬೆಳಗಾವಿಯ ನೇಕಾರರ ವಡಗಾವಿಯಲ್ಲಿ ನಾಲ್ಕು ಮಗ್ಗ ಓಡಿಸುವವನಿಗೆ ದೋಣಿಯ ಹಲಗೆ ಯಾಕೆ ಬೇಕಾಯಿತು? ಮಗಳಿಂದ. ನನ್ನ ಶೈಲಾ ಕಾಲೇಜಿನವರ ಜೊತೆ ಕಾರವಾರಕ್ಕೆ ಹೋಗಿ ಹಾಯಿದೋಣಿ ನಡೆಸಲು ಕಲಿತು ಬಂದಳು. ಬಂದವಳೇ ನಮ್ಮೂರಿನ ಕ್ಯಾಂಪ್ ಬಡಾವಣೆಯಲ್ಲಿ ಒಬ್ಬ ರಿಟೈರ್ಡ್ ಕ್ಯಾಪ್ಟನ್ನರ ಶೆಡ್ಡಿನಲ್ಲಿ ಬೋರಲು ಬಿದ್ದಿದ್ದ ಹಳೇ ದೋಣಿಯನ್ನು ಪತ್ತೆ ಹಚ್ಚಿದಳು. ಇಬ್ಬರು ಕೂಡ್ರುವಷ್ಟು ಸಣ್ಣದು. ಪುಕ್ಕಟೆ ಒಯ್ಯಿರಿ ಎಂದರು ಕ್ಯಾಪ್ಟನ್ನರು.

ಪುಕ್ಕಟೆ ಎಂದರೆ ನನಗೆ ಮೊದಲು ಬರುವುದು ಸಂಶಯ. ಚಾಕು ತೆಗೆದು ತಳಕ್ಕೆ ಚುಚ್ಚಿದೆ. ಹೊಸ ನೀಲಿ ಬಣ್ಣದೊಳಗೆ ಅದು ಬೆಲ್ಲಕ್ಕೆ ಇಳಿದ ಹಾಗೆ ಇಳಿಯಿತು. ಬಣ್ಣ ಎಲ್ಲಿ ಹೊಸದೋ ಅಲ್ಲಿಯೇ ಚುಚ್ಚಬೇಕು, ಗೊತ್ತಿರಲಿ.

"ಕೊಳತದ್ದು ಕತ್ತರಿಸಿ ಹೊಸಾದು ಕೂಡಸೂಣಪಾ. ಆದ್ರ ಮರೀನ್ ಪ್ಲೈನ ಬೇಕು. ಮಾಮೂಲಿ ಪ್ಲೈ ನೀರಾಗ ಬಿಚ್ಚತೈತಿ" ಎಂದಳು ಶೈಲಾ.

ದೋಣಿ ನಮ್ಮ ಮಗ್ಗದ ಶೆಡ್ಡಿಗೆ ಬಂತು. ಅವಳೇ ಬಣ್ಣ ಕೆರೆದಳು, ಕೊಳೆತ ಭಾಗ ಕತ್ತರಿಸಿದಳು. ಮಳೆಗಾಲ ಮುಗಿದ ಮೇಲೆ ಖಾನಾಪುರದಲ್ಲಿ ಮಲಪ್ರಭಾ ಹೊಳೆಗೆ ಇಳಿಸುವುದು, ಅವಳೊಬ್ಬಳೇ ಕೂಡ್ರುವುದು ಎಂದು ಠರಾವಾಯಿತು. ನಡುಹೊಳೆಯಲ್ಲಿ ತಳ ಬಿಚ್ಚಿದರೆ? ನನ್ನ ಹೆಂಡತಿ ಇದನ್ನು ದಿನಾ ಕೇಳುತ್ತಿದ್ದಳು. ಹಲಗೆ ತರುವ ಜವಾಬ್ದಾರಿ ನಾನೇ ಹೊತ್ತೆ. ಖರೀದಿ ಎಂದರೆ ಇಡೀ ಓಣಿ ನನ್ನನ್ನೇ ಕರೆಯುತ್ತದಲ್ಲ.

ಹಲಗೆ ತಂದ ಮರುದಿನ ಬೆಳಿಗ್ಗೆ ಅಡಿಗೆಮನೆಯಿಂದ ಹೆಂಡತಿಯ ದನಿ.

"ರೀ, ರೇಷನ್ ಚಿಮಣಿ ಎಣ್ಣಿ ಸುಟ್ಟು ಇಕಿ ಕಟಿಗಿ ಕುದಸಾಕತ್ತಾಳ. ಮಧ್ಯಾಹ್ನಕ್ಕ ಇದನ್ನ ಬಡಸ್ಲೇನು?"

ಸ್ಟೋವಿನ ಮೇಲೆ ಪಾತೇಲಿ. ಅದರಲ್ಲಿ ನನ್ನ ಹಲಗೆಯ ತುಂಡು.

"ಖರೇ ಮರೀನ್ ಪ್ಲೈ ಕುದಸಿದ್ರೂ ಬಿಚ್ಚೂದಿಲ್ಲಪಾ" ಎಂದಳು ಶೈಲಾ.

"ಅದರ ಮ್ಯಾಲ ಮರೀನ್ ಅಂತ ಶಿಕ್ಕಾ ಹೊಡದೈತಲ್ಲವಾ. ಅಂಗಡ್ಯಾವನ ಮ್ಯಾಲ ಸಂಶಯ ಏನು?"

"ಅಂಗಡ್ಯಾವನ ಮ್ಯಾಲ ಅಲ್ಲ. ನಿನ್ನ ಚೌಕಾಶಿ ಮ್ಯಾಲ."

ಮಧ್ಯಾಹ್ನದ ಹೊತ್ತಿಗೆ ತುಂಡು ಪುಸ್ತಕದ ಹಾಳೆಗಳಂತೆ ಬಿಚ್ಚಿಕೊಂಡಿತ್ತು. ಮನೆ ತುಂಬ ಅಂಟಿನ ವಾಸನೆ. ಮಗಳು ಹಾಳೆಗಳನ್ನು ಒಂದೊಂದಾಗಿ ಎಣಿಸಿ ನನ್ನ ಮುಂದಿಟ್ಟಳು.

ಆ ಹಾಳೆಗಳನ್ನು ಕೈಚೀಲದಲ್ಲಿ ಹಾಕಿಕೊಂಡು ಮತ್ತೆ ಖಾನಾಪುರಕ್ಕೆ ಹೋದೆ. ಅಂಗಡಿಯವನು ಗಾಬರಿಯಾಗಲಿಲ್ಲ.

"ಬರ್ರಿ ಸಾವಕಾರ್ರ, ಕುಂದರ್ರಿ. ಚಹಾ ತರಸ್ಲಿ?"

"ಚಹಾ ಇರ್ಲಿ. ಇದು ಮರೀನ್ ಪ್ಲೈ ಏನ್ರಿ?"

"ಮುನ್ನೂರು ಕೊಟ್ಟಿದ್ರ ಮರೀನ್ ಪ್ಲೈ ಬರ್ತಿತ್ರಿ. ನೀವು ನೂರಾ ಎಂಬತ್ತು ಅಂದ್ರಿ. ನೂರಾ ಎಂಬತ್ತರದ್ದು ಕೊಟ್ಟೆ."

"ಮತ್ತ ಶಿಕ್ಕಾ?"

"ಶಿಕ್ಕಾ ನಮ್ಮ ಹತ್ರನ ಐತ್ರಿ. ಎರಡಕ್ಕೂ ಹೊಡೀತೀವಿ."

ಏನು ಮಾತಾಡುತ್ತೀರಿ ಇಂಥವನ ಜೊತೆ? ನಾವು ದರ ಇಳಿಸುತ್ತೇವೆ, ಅವನು ಮಾಲು ಇಳಿಸುತ್ತಾನೆ. ಸೀರೆಯ ದರ ಹಿಂಡುವ ವ್ಯಾಪಾರಿಗೆ ನೂಲು ತೆಳುವಾದ ಸೀರೆಯೇ ಹೋಗುತ್ತದೆ ಎಂಬುದು ವಡಗಾವಿಯಲ್ಲಿ ಯಾರಿಗೆ ಗೊತ್ತಿಲ್ಲ? ನನಗೂ ಗೊತ್ತಿತ್ತು. ಹಲಗೆಗೂ ಅದೇ ಕಾಯಿದೆ ಎಂದು ಹೊಳೆಯಲಿಲ್ಲ, ಅಷ್ಟೇ.

ಎರಡನೇ ಹಲಗೆ ಬೆಳಗಾವಿಯಲ್ಲೇ ನೋಡಿದೆ. ಮೊದಲು ತುಂಡು ಕೇಳಿದೆ. ತುಂಡು ಕತ್ತರಿಸಿದ ಹಲಗೆಯ ಮೇಲೆಯೇ ನನ್ನ ಸಹಿ ಮಾಡಿ ಬಂದೆ. (ಇಲ್ಲದಿದ್ದರೆ ಹಲಗೆ ಬದಲಾಗುವುದಿಲ್ಲವೇ?) ಬೆಳಿಗ್ಗೆಯಿಂದ ಸಂಜೆಯ ತನಕ ಕುದಿಸಿದೆವು. ಚಾಕು ತೂರಿಸಿದರೂ ಪದರು ಏಳಲಿಲ್ಲ. ದರದ ಮಾತು ಆಮೇಲೆ. ಈ ಅಂಗಡಿಯವನು ಹತ್ತು ರೂಪಾಯಿ ಬಿಟ್ಟ. ನಾನು ಹೆಚ್ಚು ಎಳೆಯಲಿಲ್ಲ.

ಶೈಲಾ ಹಲಗೆ ಕೂಡಿಸಿ, ಸಂದುಗಳಿಗೆ ರೆಸಿನ್ ಅಂಟು ಮೆತ್ತಿ, ಮೇಲೆ ಮೂರು ಕೈ ಬಣ್ಣ ಹೊಡೆದಳು. ಕಳೆದ ಭಾನುವಾರ ಹೊಳೆಗೆ ಇಳಿಸಿದೆವು. ಹಾಯಿ ಗಾಳಿ ಹಿಡಿಯಿತು. ನೋಡನೋಡುತ್ತ ಅವಳು ನಡುನೀರಿಗೆ ಹೋದಳು. "ಒಳಗ ನೀರು ಬಂದೈತೇನ?" ಎಂದು ದಂಡೆಯಿಂದ ಕೂಗಿದೆ. ಇಲ್ಲ ಎಂದು ಕೈ ಅಲ್ಲಾಡಿಸಿದಳು. ನಾನು ನಂಬಲಿಲ್ಲ. ಅವಳು ದಂಡೆಗೆ ಬಂದ ಮೇಲೆ ಬಗ್ಗಿ, ತಳಕ್ಕೆ ಅಂಗೈ ಒತ್ತಿ ನೋಡಿದೆ. ಒಣಗಿತ್ತು.

ನಿಮಗೆ ದೋಣಿ ಬೇಡದಿರಬಹುದು. ನೀರು ತಾಗುವ ಕಡೆ ಹಲಗೆ ಬೇಕೇ ಆಗುತ್ತದೆ. ಶಿಕ್ಕಾ ನೋಡಬೇಡಿ, ತುಂಡು ಕೇಳಿ. ಕುದಿಸಿ, ಒಣಗಿಸಿ, ಚಾಕುವಿನಿಂದ ಎಬ್ಬಿಸಿ ನೋಡಿ. ಕತ್ತರಿಸಿದ ಅಂಚಿಗೆ ಬಣ್ಣ ತಪ್ಪಿಸಬೇಡಿ, ನೀರು ನುಗ್ಗುವುದು ಅಲ್ಲಿಂದಲೇ. ತುಂಡು ಕೊಡಲು ಅಂಗಡಿಯವನು ಹಿಂದೆ ಮುಂದೆ ನೋಡಿದರೆ ಎದ್ದು ಬನ್ನಿ.

ಅಂಥವನ ಹಲಗೆಯ ಮೇಲೆ ನಿಮ್ಮ ಮಗಳನ್ನು ಕೂಡ್ರಿಸುತ್ತೀರಾ?