ಮಳೆಯ ಕೌದಿಯೊಳಗೆ ಕೆಂಪು ಪರಕರ

ಒಗೆದ ಬಟ್ಟೆ ಒಣಗದೆ ಮನೆಯೆಲ್ಲ ಹಸಿ ನೂಲಿನ ವಾಸನೆ ಹಿಡಿದಿರುತ್ತಿದ್ದ ದಿನಗಳು ಅವು. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದ ಅಪ್ಪನಿಗೆ ಕೊಚ್ಚಿಗೆ ವರ್ಗವಾಗಿ, ಧಾರವಾಡದ ಕಡೆಯ ನಾವು ಮೂವರು ಹಿನ್ನೀರಿನ ಪಕ್ಕದ ಹೆಂಚಿನ ಮನೆಯೊಂದರಲ್ಲಿ ಬಿಡಾರ ಹೂಡಿದ್ದೆವು. ಪರವೂರಿನಲ್ಲಿ ಬೆಳೆದವರಿಗೆ ಗೊತ್ತಿರುತ್ತದೆ, ಹೊಸ ಊರು ಮಕ್ಕಳಿಗೆ ಒಗ್ಗಿದಷ್ಟು ಬೇಗ ತಾಯಂದಿರಿಗೆ ಒಗ್ಗುವುದಿಲ್ಲ. ನಾನು ಶಾಲೆಗೆ ಸೇರಿ ನೋಡನೋಡುತ್ತ ಮಲಯಾಳಂ ಕಲಿತೆ. ಅವ್ವ ಕನ್ನಡದಲ್ಲಿ ಕೇಳಿದ್ದಕ್ಕೂ ಮಲಯಾಳದಲ್ಲೇ ಉತ್ತರ ಕೊಡುತ್ತಿದ್ದೆ. ಅಪ್ಪ ಕಚೇರಿಗೆ ಹೋದ ಮೇಲೆ ಅವ್ವನಿಗೆ ಮಾತಿಗೆ ಯಾರೂ ಇರಲಿಲ್ಲ.

ಪಕ್ಕದ ಮನೆಯ ಅಮ್ಮಿಣಿ ನನ್ನ ತರಗತಿಯವಳು. ಹತ್ತಿರ ಬಂದರೆ ಕೊಬ್ಬರಿ ಎಣ್ಣೆ ಮತ್ತು ತುಳಸಿಯ ಘಮ. ಜಗಲಿಯಲ್ಲಿ ಕೆಂಪು ಮಂಜಾಡಿ ಬೀಜ ಹರಡಿಕೊಂಡು ಇಬ್ಬರೂ ಆಡುತ್ತಿದ್ದೆವು. ನನ್ನ ಗೆಳತಿಯಾಗಿ ಬಂದವಳು ಆ ಮಳೆಗಾಲ ಮುಗಿಯುವಷ್ಟರಲ್ಲಿ ಅವ್ವನ ಪಾಲಾಗಿಬಿಟ್ಟಳು. ಅದಕ್ಕೆ ಕಾರಣ ಒಂದು ಕೌದಿ.

ಟ್ರಂಕಿನಲ್ಲಿದ್ದ ಹಳೆಯ ಬಟ್ಟೆಗೆ ಬೂಷ್ಟು ಹಿಡಿಯುತ್ತಿದೆಯೆಂದು ಅವ್ವ ಎಲ್ಲವನ್ನೂ ಹೊರಗೆಳೆದು ಕೌದಿಗೆ ಕೂತಳು. ನಮ್ಮ ಕಡೆ ಕೌದಿಯೆಂದರೆ ಚೌಕ ಚೌಕ ತುಂಡು. ಅವ್ವ ಮಾತ್ರ ಕಿಟಕಿಯಾಚೆ ನೋಡುತ್ತ, "ಇದನ್ನ ಹೊಲೀತೀನಿ" ಎಂದಳು. ಎರಡು ಮನೆಗಳ ನಡುವಿನ ಮಾವಿನ ಮರ, ಹಿಂದೆ ತೆಂಗಿನ ಸಾಲು, ಎಲ್ಲದರ ಮೇಲೆ ಓರೆಯಾಗಿ ಸುರಿಯುವ ಮಳೆ.

"ಮಳಿ ಹೊಲೀತಿ? ಹೊತ್ಕೊಂಡವ್ರಿಗೆ ನೆಗಡಿ ಆದೀತು," ಎಂದ ಅಪ್ಪ.

ಬಿಸಿಲು ಕಾಣದೆ ಕಂದಿದ್ದ ಅಪ್ಪನ ಧೋತರ ಆಕಾಶವಾಯಿತು. ಅವ್ವನ ಮಣ್ಣು ಬಣ್ಣದ ಸೀರೆ ನೆಲವಾಯಿತು. ಮರಕ್ಕೆ ಹಸಿರು ಇರಲಿಲ್ಲ. ಅಮ್ಮಿಣಿ ಓಡಿಹೋಗಿ, ತನಗೆ ಗಿಡ್ಡವಾಗಿದ್ದ ಹಸಿರು ಪಾವಾಡ, ಅಂದರೆ ನಮ್ಮ ಪರಕರದಂಥದ್ದೇ, ತಂದುಕೊಟ್ಟಳು. ನಡುವಿನ ಮಾವಿನ ಮರ ಇಡಿಯಾಗಿ ಅದರದೇ. ಉಳಿದ ತುಂಡನ್ನು ಅಮ್ಮಿಣಿಯೇ ಮಡಿಚಿ ಕತ್ತರಿಯಿಂದ ಹಲ್ಲು ಹಲ್ಲಾಗಿ ಸೀಳಿ ತೆಂಗಿನ ಗರಿ ಮಾಡಿದಳು. ಅವ್ವ ಅವಳ ಗದ್ದ ಮುಟ್ಟಿ ಬೆರಳಿಗೆ ಮುತ್ತಿಟ್ಟುಕೊಂಡಳು.

ನಾನೂ ನನ್ನ ಕೆಂಪು ಪರಕರ ತಂದೆ. "ಇದನ್ನೂ ಹಚ್ಚು."

"ಮಳ್ಯಾಗ ಕೆಂಪು ಎಲ್ಲಿಂದ ತರ್ಲಿ ಗಂಗೂ?"

"ಸೂರ್ಯನ್ನ ಮಾಡು."

"ಸೂರ್ಯ ಇದ್ದಿದ್ರ ಅರಿವಿ ಒಣಗಿಸ್ತಿದ್ದೆ. ಕೌದಿ ಯಾಕ ಹೊಲೀತಿದ್ದೆ?"

ಅಮ್ಮಿಣಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವ್ವನ ಪಕ್ಕ ಕೂತು ಕೂತು ಕನ್ನಡ ಹಿಡಿದಿದ್ದ ಅವಳಿಗೆ ಆ ಮಾತು ಅರ್ಥವಾಗಿತ್ತು. ನನ್ನನ್ನು ಚುಚ್ಚಿದ್ದು ಅದೇ. ಅವ್ವ ನನ್ನ ಪರಕರವನ್ನು ಮರದ ಕೆಳಗಿನ ಪದರಾಗಿ ಹಾಸಿ, "ಗಟ್ಟಿ ಅರಿವಿ, ಒಳಗ ಇರ್ಲಿ" ಎಂದು ಮುಚ್ಚಿಬಿಟ್ಟಳು.

ಬಿಳಿ ದಾರದ ಹೊಲಿಗೆಯೇ ಮಳೆ. ಅಮ್ಮಿಣಿಯದು ಇರುವೆ ಸಾಲಿನಂಥ ಸಣ್ಣ ಹೊಲಿಗೆ. ನಾನು ಎಳೆದ ಸಾಲು ಸುಕ್ಕುಗಟ್ಟುತ್ತಿತ್ತು.

"ಅಮ್ಮಿಣೀದು ನೋಡು, ಸೋನಿ ಮಳಿ ಹಿಡಿದಂಗ ಐತಿ," ಎಂದಳು ಅವ್ವ.

"ಮತ್ತ ನಂದು?"

"ನಿಂದು ಸೋರೋ ಮಾಳಿಗಿ." ನಗುತ್ತಲೇ ನನ್ನ ಸಾಲು ಬಿಚ್ಚಿದಳು.

"ಅವ್ವಾ, ನೂಲು ಕೊಡ್ರಿ. ಅವ್ವಾ, ಇಷ್ಟು ಸಾಕಾ?" ಎಂದು ಅಮ್ಮಿಣಿ ದಿನವಿಡೀ ಉಲಿಯುತ್ತಿದ್ದಳು. ತಡೆಯಲಾರದೆ ಒಮ್ಮೆ ಜಗಲಿಯಲ್ಲಿ ಮಲಯಾಳದಲ್ಲೇ ಕೇಳಿದೆ: "ನನ್ನ ಅವ್ವನನ್ನು ನೀನು ಯಾಕೆ ಅವ್ವ ಅಂತೀಯ?"

ಅವಳಿಗೆ ಆಶ್ಚರ್ಯ. "ನೀನು ಅನ್ನುವುದಿಲ್ಲವಲ್ಲ. ನೀನು ನಮ್ಮ ಹಾಗೆ ಅಮ್ಮೇ ಅಂತೀಯ."

ಅಂದಿನ ಸಂಜೆಯಿಂದ ನಾನು ಮತ್ತೆ ಅವ್ವಾ ಎಂದು ಕರೆಯತೊಡಗಿದೆ. ಅವ್ವನಿಗೆ ಅದು ಗೊತ್ತಾಯಿತೋ ಇಲ್ಲವೋ, ಹೊಲಿಗೆ ಮುಂದುವರಿಸಿದಳು.

ನನಗೆ ಒಂದು ಭರವಸೆ ಉಳಿದಿತ್ತು. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ಒಂದು ತುತ್ತು ಇಡುವುದು ನಮ್ಮ ಮನೆಯ ಪದ್ಧತಿ. ಕೌದಿಯ ಹೊಟ್ಟೆ ಖಾಲಿ ಇರಬಾರದು. ತುತ್ತು ಇಡುವುದು ಮನೆಯ ಮಗಳು. ಅದನ್ನಂತೂ ಯಾರೂ ಕಸಿಯಲಾರರು.

ಮೂಲೆ ಮುಚ್ಚುವ ದಿನ ಅವ್ವ ಊರಿನಿಂದ ತಂದು ಜೋಪಾನ ಮಾಡಿದ್ದ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿದಳು. ಸುಟ್ಟ ಜೋಳದ ವಾಸನೆಗೆ ಅಡುಗೆಮನೆ ಧಾರವಾಡವೇ ಆಗಿಹೋಯಿತು. ಒಂದು ಚೂರು ಮುರಿದಳು, ಅದನ್ನು ಮತ್ತೆ ಎರಡು ಮಾಡಿದಳು. ಒಂದು ನನ್ನ ಕೈಗೆ, ಒಂದು ಅಮ್ಮಿಣಿಯ ಕೈಗೆ.

"ಆಕಿ ಯಾಕ? ಕೌದಿ ನಮ್ದು."

"ಆಕಿ ಕೈ ಇದರಾಗ ಇಲ್ಲೇನು? ಇಬ್ಬರೂ ಇಡ್ರಿ."

ಅಮ್ಮಿಣಿ ತನ್ನ ಚೂರನ್ನು ದೇವರಿಗೆ ಹೂವಿಡುವಂತೆ ಮೂಲೆಯೊಳಗೆ ಇಟ್ಟಳು. ನಾನು ನನ್ನದನ್ನು ಬಾಯಿಗೆ ಹಾಕಿಕೊಂಡು ಅಲ್ಲೇ ನಿಂತು ಅಗಿದೆ.

ಅವ್ವ ನನ್ನ ಮುಖ ನೋಡಿದಳು. ಇನ್ನೊಂದು ಚೂರು ಮುರಿಯಲಿಲ್ಲ. "ಕೌದಿಗಿಂತ ನೀನಽ ಹಸದಿದ್ದಿ ಬಿಡು," ಎಂದು ಮೂಲೆ ಹೊಲಿದುಬಿಟ್ಟಳು.

ಮಳೆ ನಿಂತ ಮೇಲೆ ಅಪ್ಪನಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಅಲ್ಲಿನ ಪಟ್ಟಂ ಬಡಾವಣೆಯ ಬಾಡಿಗೆ ಮನೆಯಲ್ಲಿ ಕೌದಿಯ ಮಡಿಕೆ ಬಿಚ್ಚಿದಾಗ ಇರುವೆಗಳು ಅಮ್ಮಿಣಿ ರೊಟ್ಟಿ ಇಟ್ಟ ಮೂಲೆಗೇ ಮುತ್ತಿದ್ದವು. ನನಗೆ ಒಳಗೊಳಗೇ ಖುಷಿ. ಅವ್ವ ಒಂದೊಂದೇ ಇರುವೆ ಕೊಡವಿ, "ಆಕಿ ಇದ್ದಿದ್ರ ಎಷ್ಟು ಮಾತಾಡ್ತಿದ್ಲು" ಎಂದಳು. ಅವ್ವ ಪೂರ್ತಿ ನನ್ನೊಬ್ಬಳಿಗೇ ಸಿಕ್ಕಿದ್ದಳು. ಆದರೂ ನನ್ನ ಹೊಟ್ಟೆಯುರಿ ಆರಲಿಲ್ಲ.

ಈಗ ಅವ್ವ ಇಲ್ಲ. ಅಮ್ಮಿಣಿ ಎಲ್ಲಿದ್ದಾಳೋ ಗೊತ್ತಿಲ್ಲ. ಕೌದಿ ನನ್ನ ಮಂಚದ ಮೇಲಿದೆ. ಅವಳ ಪಾವಾಡದ್ದು ತೆಳು ಬಟ್ಟೆ, ಒಗೆದೊಗೆದು ಮೊದಲು ಸವೆದದ್ದು ಅದೇ. ಮಾವಿನ ಮರದ ನಡುವೆ ಅಂಗೈಯಗಲ ಹರಿದು, ಕೆಳಗಿನ ನನ್ನ ಪರಕರ ಕಾಣುತ್ತದೆ. ಬಣ್ಣ ಇನ್ನೂ ಗಟ್ಟಿ. ತೇಪೆಗೆಂದು ಅಂಗಡಿ ಅಂಗಡಿ ತಿರುಗಿದೆ, ಬೇಕಾದಷ್ಟು ಹಸಿರು ಹರಡಿ ತೋರಿಸಿದರು. ಅದರಲ್ಲಿ ಆ ಹಸಿರು ಇರಲಿಲ್ಲ. ಹಾಸಿಗೆ ಸರಿಮಾಡುವಾಗ ದಿನವೂ ಕಣ್ಣಿಗೆ ಬೀಳುತ್ತಾನೆ, ಅಂದು ನಾನು ಹಟ ಹಿಡಿದು ಕೇಳಿದ ಸೂರ್ಯ. ಪ್ರತಿ ಬಾರಿ ಹರಿದ ಹಸಿರಿನ ಅಂಚುಗಳನ್ನು ಎಳೆದು ಅವನನ್ನು ಮುಚ್ಚಲು ನೋಡುತ್ತೇನೆ. ಬಟ್ಟೆ ಸಾಲುವುದಿಲ್ಲ.